ಹಳೆಯ ಹೆದ್ದಾರಿಯ ಬದಿಯಲ್ಲಿ

ಬೆಂಗಳೂರು–ಮೈಸೂರು ನಡುವಿನ ದಶಪಥ ರಸ್ತೆ 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಅಂದಿನಿಂದ ವಯನಾಡಿನಿಂದ ಬೆಂಗಳೂರಿಗೆ ಹೋಗಿಬರುವ ನಮ್ಮವರ ಮಾತಿನಲ್ಲಿ ಎರಡು ಊರುಗಳ ಹೆಸರು ಕೇಳಿಬರುವುದು ಅಪರೂಪವಾಗಿದೆ: ಚನ್ನಪಟ್ಟಣ ಮತ್ತು ರಾಮನಗರ. ಸುಮಾರು 119 ಕಿಲೋಮೀಟರಿನ ಆ ರಸ್ತೆ ಊರುಗಳನ್ನು ಪಕ್ಕಕ್ಕೆ ಸರಿಸಿ ಸಾಗುತ್ತದೆ. ಮೂರು ಗಂಟೆ ಹಿಡಿಯುತ್ತಿದ್ದ ದಾರಿ ಅದರರ್ಧ ಹೊತ್ತಿನಲ್ಲಿ ಸವೆಯುತ್ತದೆ. ರೋಗಿಯನ್ನು ಬೆಂಗಳೂರಿನ ಆಸ್ಪತ್ರೆಗೆ ಕರೆದೊಯ್ಯುವವರಿಗೆ ಇದು ಸಣ್ಣ ಉಪಕಾರವಲ್ಲ. ಆದರೆ ಆ ಹಳೆಯ ರಸ್ತೆಯ ಎರಡು ಬದಿಯಲ್ಲಿ ಬಣ್ಣದ ಗೊಂಬೆಗಳನ್ನು ತೂಗುಹಾಕಿಕೊಂಡು ಕುಳಿತಿದ್ದ ಅಂಗಡಿಗಳ ಸಾಲು ದಾರಿಹೋಕರನ್ನೇ ನಂಬಿ ಬೆಳೆದದ್ದು. ದಾರಿಹೋಕರು ಬೇರೆ ದಾರಿ ಹಿಡಿದ ಮೇಲೆ ಆ ಅಂಗಡಿಗಳ ಹಿಂದಿರುವ ಕಸುಬಿನ ಗತಿಯೇನು? ಇದನ್ನು ಕಣ್ಣಾರೆ ನೋಡಬೇಕೆಂದು ಆಶ್ವಯುಜ ಮಾಸದಲ್ಲಿ, ನವರಾತ್ರಿಯ ಜನಜಂಗುಳಿ ಕರಗಿದ ಮೇಲೆ, ನಾನೂ ನನ್ನ ಪತ್ನಿಯೂ ಎರಡು ದಿನದ ಬಿಡುವು ಮಾಡಿಕೊಂಡು ಹೊರಟೆವು. ಜಾನಪದ ಲೋಕ ಮತ್ತು ಗೊಂಬೆಯ ಕಾರ್ಖಾನೆ ಅವಳ ಆಯ್ಕೆ. ಚನ್ನಪಟ್ಟಣದ ಬಳಿಯ ಹೆರಿಟೇಜ್ ವೈನರಿಯನ್ನು ಆ ಪಟ್ಟಿಗೆ ಸೇರಿಸಿದವನು ನಾನು.

ನೂಲ್ಪುಳದವರಿಗೆ ಈ ದಿಕ್ಕಿನ ಪ್ರಯಾಣವೆಂದರೆ ಗಡಿಯಾರದ ಲೆಕ್ಕ. ಕೋಳಿಕ್ಕೋಡಿನಿಂದ ಕೊಳ್ಳೇಗಾಲಕ್ಕೆ ಹೋಗುವ 766ನೆಯ ರಾಷ್ಟ್ರೀಯ ಹೆದ್ದಾರಿ (ಹಿರಿಯರ ಬಾಯಲ್ಲಿ ಅದು ಇಂದಿಗೂ 212) ಮುತ್ತಂಗ ದಾಟಿದೊಡನೆ ಕಾಡನ್ನು ಹೊಗುತ್ತದೆ. ಬಂಡೀಪುರದ ಭಾಗದಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ವಾಹನ ಸಂಚಾರವಿಲ್ಲ. ತುರ್ತು ವಾಹನಗಳಿಗೂ ಗೊತ್ತುಪಡಿಸಿದ ಕೆಲವು ಬಸ್ಸುಗಳಿಗೂ ಮಾತ್ರ ವಿನಾಯಿತಿ. 2019ರಲ್ಲಿ ಹಗಲೂ ಮುಚ್ಚುತ್ತಾರಂತೆ ಎಂಬ ಸುದ್ದಿ ಹಬ್ಬಿ ಸುಲ್ತಾನ್ ಬತ್ತೇರಿಯಲ್ಲಿ ಉಪವಾಸ ಸತ್ಯಾಗ್ರಹವೇ ನಡೆಯಿತು. ರಾತ್ರಿಯ ಆ ಒಂಬತ್ತು ಗಂಟೆ ಆನೆಗೂ ಹುಲಿಗೂ ಸಲ್ಲಬೇಕಾದದ್ದು ಎಂಬುದು ನನ್ನ ಎಣಿಕೆ. ನಾಯ್ಕಟ್ಟಿಯ ಚಹಾ ಅಂಗಡಿಯಲ್ಲಿ ಇದನ್ನು ಗಟ್ಟಿಯಾಗಿ ಹೇಳಲು ಮಾತ್ರ ನನಗೆ ಧೈರ್ಯವಿಲ್ಲ. ಶುಂಠಿಯನ್ನೂ ನೇಂದ್ರ ಬಾಳೆಯನ್ನೂ ಲಾರಿಗೇರಿಸುವವರಿಗೆ ರಸ್ತೆ ಮುಚ್ಚುವುದೆಂದರೆ ಏನೆಂದು ಅಲ್ಲಿ ಕುಳಿತವರೆಲ್ಲ ಬಲ್ಲರು.

ಆರಕ್ಕೆ ಸರಿಯಾಗಿ ತಡೆಗೋಲು ಮೇಲೆದ್ದಿತು. ಮಳೆ ತೀರಿದ ಕಾಡು ಇನ್ನೂ ಹಸಿರಾಗಿತ್ತು. ಮೂಲೆಹೊಳೆಯಲ್ಲಿ ಫಲಕಗಳ ಲಿಪಿ ಬದಲಾಗುತ್ತದೆ. ಎಷ್ಟೋ ಬಾರಿ ದಾಟಿದ ಗಡಿಯಾದರೂ ಅಲ್ಲಿ ಕನ್ನಡದ ಅಕ್ಷರಗಳನ್ನು ಕಂಡಾಗ ಅವಳು ಒಂದನ್ನಾದರೂ ಗಟ್ಟಿಯಾಗಿ ಓದದೆ ಬಿಡುವುದಿಲ್ಲ. ಕಾಡು ಮುಗಿಯುವಲ್ಲಿ ಮದ್ದೂರು ತಪಾಸಣಾ ಠಾಣೆ. ಇದು ಗುಂಡ್ಲುಪೇಟೆಯ ಮದ್ದೂರು. ಇಲ್ಲಿ ವಡೆ ಕೇಳಿದರೆ ಅರಣ್ಯ ಕಾವಲುಗಾರರು ನಗುತ್ತಾರೆ. ವಡೆಯ ಮದ್ದೂರು ಮಂಡ್ಯದಾಚೆ, ನಮ್ಮ ಅಂದಿನ ದಾರಿಯಲ್ಲೇ ಇತ್ತು. ಮೈಸೂರು, ಶ್ರೀರಂಗಪಟ್ಟಣ, ಮಂಡ್ಯಗಳನ್ನು ಹಿಂದಿಕ್ಕಿ, ಎರಡನೆಯ ಮದ್ದೂರಿನಲ್ಲಿ ಈರುಳ್ಳಿ ಬೆರೆತ ಆ ಗರಿಗರಿ ವಡೆಯನ್ನು ತಿಂದು, ಚನ್ನಪಟ್ಟಣವನ್ನು ಮರುದಿನಕ್ಕೆಂದು ಮೀಸಲಿಟ್ಟು ಮುಂದೆ ಸಾಗಿ, ಮಧ್ಯಾಹ್ನಕ್ಕೆ ಮೊದಲೇ ಜಾನಪದ ಲೋಕವನ್ನು ತಲುಪಿದೆವು.

ರಾಮನಗರದ ಬಳಿ ಹದಿನೈದು ಎಕರೆಯಲ್ಲಿ ಹರಡಿರುವ ಈ ಸಂಗ್ರಹಾಲಯ ಎಚ್.ಎಲ್. ನಾಗೇಗೌಡರ ಹಟದ ಫಲ. ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯಲ್ಲಿ 1915ರಲ್ಲಿ ಹುಟ್ಟಿದ ಅವರು ಐ.ಎ.ಎಸ್. ಅಧಿಕಾರಿಯಾಗಿ ನಾಡೆಲ್ಲ ಸುತ್ತಿದವರು. ಹೋದ ಊರಿನಲ್ಲೆಲ್ಲ ಹಾಡು ಕೇಳಿ ಬರೆದುಕೊಂಡವರು. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಕಟ್ಟಿದರು. 1994ರಲ್ಲಿ ಜಾನಪದ ಲೋಕ ಬಾಗಿಲು ತೆರೆಯಿತು. ಪರದೇಶದ ಯಾತ್ರಿಕರು ನಮ್ಮ ದೇಶವನ್ನು ಕಂಡು ಬರೆದುದನ್ನೆಲ್ಲ ಕನ್ನಡಕ್ಕೆ ತಂದು ‘ಪ್ರವಾಸಿ ಕಂಡ ಇಂಡಿಯಾ’ ಎಂಬ ಸಂಪುಟಗಳನ್ನು ಹೊರತಂದವರೂ ಅವರೇ. ಹೊರಗಿನವರು ನಮ್ಮಲ್ಲಿ ಏನು ನೋಡಿದರೆಂಬುದನ್ನು ಅಷ್ಟು ಓದಿದವರು, ನಾವೇ ನೋಡದೆ ಬಿಟ್ಟದ್ದನ್ನು ಒಂದೆಡೆ ಕೂಡಿಡಬೇಕೆಂದುಕೊಂಡದ್ದು ಸಹಜವಾಗಿಯೇ ಇದೆ. ಅವರು 2005ರಲ್ಲಿ ತೀರಿಕೊಂಡರು.

ಇಂಥ ಸ್ಥಳಗಳಲ್ಲಿ ನನಗೆ ಹೆಚ್ಚು ಹಿಡಿಸುವುದು ಕಲ್ಲುಗಳು. ಇಲ್ಲಿ ವೀರಗಲ್ಲುಗಳನ್ನು ಬಯಲಿನಲ್ಲಿ ನಿಲ್ಲಿಸಿದ್ದಾರೆ. ನಮ್ಮ ಅಂಬಲವಯಲಿನ ವಯನಾಡ್ ಪಾರಂಪರಿಕ ಸಂಗ್ರಹಾಲಯದ ‘ವೀರಸ್ಮೃತಿ’ ವಿಭಾಗದಲ್ಲಿರುವ ಕಲ್ಲುಗಳಿಗೂ ಇವಕ್ಕೂ ದಾಯಾದಿ ಸಂಬಂಧ ಎದ್ದು ಕಾಣುತ್ತದೆ. ಸುಲ್ತಾನ್ ಬತ್ತೇರಿಯ ಜೈನ ಬಸದಿಯ ಕೇರಿಗೆ ‘ಹನ್ನೆರಡು ಬೀದಿ’ ಎಂಬ ಅಚ್ಚಗನ್ನಡದ ಹೆಸರಿದ್ದದ್ದನ್ನು ಬಲ್ಲವರಿಗೆ ಇದು ಅಚ್ಚರಿಯ ಸಂಗತಿಯಲ್ಲ. ನನ್ನ ಪತ್ನಿ ಕಲ್ಲುಗಳ ಬಳಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಅವಳು ನೇರವಾಗಿ ಹೋದದ್ದು ಲೋಕಮಾತಾ ಮಂದಿರಕ್ಕೆ, ಎಂದರೆ ಮನೆಯೊಳಗಿನ ಬಾಳಿಗೆ ಸೇರಿದ ವಸ್ತುಗಳಿರುವಲ್ಲಿಗೆ. ಬೀಸುವ ಕಲ್ಲು, ಒನಕೆ, ಕೊಳಗ, ಸೇರು, ಧಾನ್ಯ ತುಂಬುವ ವಾಡೆಗಳು, ಬಿದಿರಿನ ಬುಟ್ಟಿಗಳು. ಒಂದೊಂದರ ಮುಂದೆಯೂ ನಿಂತು, ಕೆಳಗಿನ ಚೀಟಿಯನ್ನು ಓದಿ, ಹೌದು ಎಂಬಂತೆ ತಲೆಯಾಡಿಸುತ್ತ ಮುಂದೆ ಹೋಗುತ್ತಿದ್ದಳು. ಕೊನೆಗೆ ಒಂದು ಮೊರದ ಮುಂದೆ ನಿಂತುಬಿಟ್ಟಳು.

“ರೀ, ಇದು ನಮ್ಮ ಮನೆಯಲ್ಲಿ ಒಲೆಯ ಪಕ್ಕದಲ್ಲೇ ಇದೆಯಲ್ಲ. ನಿನ್ನೆ ಅದರಲ್ಲೇ ಅಕ್ಕಿ ಕೇರಿದ್ದೇನೆ. ನಾನೂ ಈಗ ಚೀಟಿ ಅಂಟಿಸಿಕೊಳ್ಳಬೇಕೋ ಏನೋ!”

ನಗುವಿನ ಮಾತೇ. ಆದರೂ ಆ ಮೊರವನ್ನು ನಾವು ಕೊಂಡದ್ದು ಅಂಗಡಿಯಲ್ಲಲ್ಲ. ನೂಲ್ಪುಳದ ಕಡೆಯ ಊರಾಳಿ ಕುರುಮರ ಹಾಡಿಯಿಂದ ತಲೆಯ ಮೇಲೆ ಹೊತ್ತು ತಂದ ಹೆಂಗಸಿನ ಕೈಯಿಂದ. ಬೆಟ್ಟ ಕುರುಮರೆಂದೂ ಕರೆಯಲ್ಪಡುವ ಈ ಜನ ವಯನಾಡಿನ ಬುಡಕಟ್ಟುಗಳ ನಡುವೆ ಕುಶಲಕರ್ಮಿಗಳೆಂದು ಹೆಸರಾದವರು. ಬಿದಿರಿನ ಹೆಣಿಗೆ, ಕಬ್ಬಿಣದ ಕೆಲಸ, ಮಡಕೆ ಮೂರೂ ಅವರಿಗೆ ಗೊತ್ತು. ಅವರ ಮಾತು ಕನ್ನಡದ ನೆಂಟ. ನಿಧಾನವಾಗಿ ಆಡಿದರೆ ನಮಗೆ ಅರ್ಧಕ್ಕರ್ಧ ತಿಳಿಯುತ್ತದೆ. ಅವರ ಮಡಕೆಯ ವಿಶೇಷವೆಂದರೆ ತಿಗರಿಯೇ ಇಲ್ಲ. ಮಣ್ಣಿನ ಮುದ್ದೆಯನ್ನು ಕೈಯಿಂದಲೇ ಎತ್ತಿ, ತಟ್ಟಿ, ನಯಮಾಡಿ ಗುಂಡಗಾಗಿಸುತ್ತಾರೆ. ಚಕ್ರ ಮಾಡಬೇಕಾದ ಕೆಲಸವನ್ನು ಮಡಕೆಯ ಸುತ್ತ ತಿರುಗುವ ಕೈ ಮಾಡುತ್ತದೆ.

ಜಾನಪದ ಲೋಕದಲ್ಲಿ ಆಯಗಾರಮಾಲೆ ಎಂದೊಂದು ವಿಭಾಗವಿದೆ. ಆಯಗಾರರೆಂದರೆ ಹಳೆಯ ಕಾಲದ ಹಳ್ಳಿಯಲ್ಲಿ ಕಮ್ಮಾರ, ಕುಂಬಾರ, ಬಡಗಿ, ಅಗಸ ಮೊದಲಾಗಿ ಊರಿಗೆ ಬೇಕಾದ ಕೆಲಸ ಮಾಡಿಕೊಟ್ಟು, ಸುಗ್ಗಿಯಲ್ಲಿ ಕಣದಿಂದ ‘ಆಯ’ ಎಂಬ ಧಾನ್ಯದ ಪಾಲು ಪಡೆಯುತ್ತಿದ್ದವರು. ಆ ಪದದ ಮುಂದೆ ನಾನು ಬಹಳ ಹೊತ್ತು ಯೋಚಿಸಿದೆ. ಕುಂಬಾರನ ತಿಗರಿಯನ್ನು ಹೊತ್ತು ತಂದು ಇಲ್ಲಿಡಬಹುದು. ಆದರೆ ಆ ತಿಗರಿ ತಿರುಗಲು ಕಾರಣವಾಗಿದ್ದ ಆಯವನ್ನು ಯಾವ ಸಂಗ್ರಹಾಲಯವೂ ತಂದಿಡಲಾರದು. ಆ ವ್ಯವಸ್ಥೆಯಲ್ಲಿ ಜಾತಿಯ ಕಟ್ಟೂ ಅನ್ಯಾಯವೂ ಇದ್ದವು, ಅದು ಮರಳಿ ಬರಲೆಂದು ಯಾರೂ ಬಯಸರು. ಆದರೆ ಮಾಡಿದ ವಸ್ತುವನ್ನು ಕೊಳ್ಳುವವರು ಊರೊಳಗೇ ಇದ್ದರೆಂಬುದೊಂದು ಅದರಲ್ಲಿತ್ತು. ಅದು ಹೋದ ಮೇಲೆ ಕಸುಬಿಗೆ ಉಳಿದದ್ದು ರಸ್ತೆ. ರಸ್ತೆಯಲ್ಲಿ ಬರುವ ಅಪರಿಚಿತನೇ ಈಗ ಅದರ ಆಯ.

ಆ ರಾತ್ರಿ ರಾಮನಗರದಲ್ಲಿ ಉಳಿದು, ಬೆಳಿಗ್ಗೆ ಬಂದ ದಾರಿಯಲ್ಲೇ ಚನ್ನಪಟ್ಟಣಕ್ಕೆ ಮರಳಿದೆವು.

ಚನ್ನಪಟ್ಟಣದ ಗೊಂಬೆಯ ಚರಿತ್ರೆಯಲ್ಲಿ ಕತೆಯೂ ಕಡತವೂ ಬೆರೆತಿವೆ. ಪರ್ಷಿಯದ ಕುಶಲಕರ್ಮಿಗಳನ್ನು ಟಿಪ್ಪು ಕರೆಸಿದನೆಂಬುದು ಊರಿನವರ ನಂಬಿಕೆ. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಜಪಾನಿನ ಗೊಂಬೆಗಳ ತಂತ್ರವನ್ನು ಅರಿತು ಇಲ್ಲಿಯವರಿಗೆ ಕಲಿಸಿದರೆಂದು ಬಾವಾಸ್ ಮಿಯಾನ್ ಎಂಬವರನ್ನು ಕಸುಬಿನ ಪಿತಾಮಹರಾಗಿ ನೆನೆಯುತ್ತಾರೆ. 2005–06ರ ಸಾಲಿನಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಅಂಗಡಿಗಿಂತ ಕಾರ್ಖಾನೆಯನ್ನೇ ಮೊದಲು ನೋಡಬೇಕೆಂದು ಒಂದು ಓಣಿಯೊಳಗೆ ವಿಚಾರಿಸಿ ಹೋದೆವು. ಕಾರ್ಖಾನೆಯೆಂದರೆ ಹೆಂಚಿನ ಮನೆಯ ಮುಂಭಾಗ, ಮೂರು ಲೇತ್ ಯಂತ್ರ, ಮೊಣಕಾಲಿನವರೆಗೆ ಮರದ ಸಿಪ್ಪೆ. ಮರವನ್ನು ಆಲೆ ಎಂದರು, ಇನ್ನೊಬ್ಬರು ಹಾಲೆ ಎಂದರು. ಎಲೆ ಕಿತ್ತರೆ ಹಾಲು ಒಸರುವ ಈ ಮರ ನಮಗೆ ಹೊಸದಲ್ಲ. ಕೇರಳದಲ್ಲಿ ಚರ್ಮದ ಕಾಯಿಲೆಗೆ ಎಣ್ಣೆ ಕಾಯಿಸುವ ದಂತಪ್ಪಾಲ ಇದೇ. ಬಿಳಿಯ, ಎಳೆ ಕಾಣದ, ಹಗುರವಾದ ಮರ. ಹಸಿಯನ್ನು ಕಡಿದು ತಿಂಗಳುಗಟ್ಟಲೆ ಒಣಗಿಸಿ ತುಂಡರಿಸಿ ಯಂತ್ರಕ್ಕೆ ಕಚ್ಚಿಸುತ್ತಾರೆ.

ಬಣ್ಣ ಹಚ್ಚುವುದನ್ನು ನೋಡುವುದೇ ಒಂದು ಸೊಗಸು. ಕುಂಚವಿಲ್ಲ, ಡಬ್ಬಿಯಿಲ್ಲ. ಅರಗನ್ನು ಕಾಯಿಸಿ ಬಣ್ಣ ಬೆರೆಸಿ ಕಡ್ಡಿಯಾಗಿ ಹೊಸೆದಿರುತ್ತಾರೆ. ತಿರುಗುವ ಮರಕ್ಕೆ ಆ ಕಡ್ಡಿಯನ್ನು ಒತ್ತಿ ಹಿಡಿದರೆ ತಿಕ್ಕಾಟದ ಬಿಸಿಗೆ ಅರಗು ಕರಗಿ ಮರವನ್ನು ತಬ್ಬಿಕೊಳ್ಳುತ್ತದೆ. ಮೇಲೆ ಕೇದಗೆಯ ಎಲೆಯ ತುಂಡನ್ನು ಒತ್ತಿ ಹಿಡಿಯುತ್ತಾರೆ. ಬಣ್ಣ ಸಮವಾಗಿ ಹರಡಿ ಕನ್ನಡಿಯಂತೆ ಹೊಳೆಯತೊಡಗುತ್ತದೆ. ಮಗು ಬಾಯಿಗಿಟ್ಟರೂ ಕೆಡುಕಿಲ್ಲದಂತೆ ಗಿಡಮೂಲದ ಬಣ್ಣಗಳನ್ನು ಬಳಸುವವರು ಈಗ ಹೆಚ್ಚಾಗಿದ್ದಾರೆ: ಹಳದಿಗೆ ಅರಿಸಿನ, ನೀಲಿಗೆ ನೀಲಿಗಿಡ. ನಮ್ಮ ಕಣ್ಣೆದುರಿಗೆ ಒಂದು ಗಿಲಕಿ ನಾಲ್ಕೈದು ನಿಮಿಷಗಳಲ್ಲಿ ಹುಟ್ಟಿತು. ಅದನ್ನು ಮಾಡಿದ ಹಿರಿಯರು ಯಂತ್ರ ನಿಲ್ಲಿಸಿ, ಬೆರಳಿನಿಂದ ಅಂಚನ್ನು ಸವರಿ ನೋಡಿ, ಏನೂ ಹೇಳದೆ ಬುಟ್ಟಿಗೆ ಹಾಕಿದರು. ಐವತ್ತು ವರ್ಷ ಈ ಕೆಲಸ ಮಾಡಿದ ಬೆರಳು ಅದು.

ಹೊಸ ರಸ್ತೆಯ ಮಾತೆತ್ತಿದಾಗ ಅವರು ಕೋಪಗೊಳ್ಳಲಿಲ್ಲ. ಸಗಟಿನಲ್ಲಿ ಕೊಳ್ಳುವವರು ದೂರವಾಣಿಯಲ್ಲಿ ಹೇಳಿ ತರಿಸಿಕೊಳ್ಳುತ್ತಾರೆ, ಹೊರದೇಶದವರೂ ಬೇಡುತ್ತಾರೆ. ಆದ್ದರಿಂದ ಯಂತ್ರ ನಿಂತಿಲ್ಲ ಎಂದರು. ನಿಂತದ್ದು ಬೇರೆಯೇ. ಸಗಟಿನವನು ಒಂದೇ ಬಗೆಯ ಉಂಗುರವನ್ನು ಸಾವಿರಗಟ್ಟಲೆ ಕೇಳುತ್ತಾನೆ. ರಸ್ತೆಬದಿಯಲ್ಲಿ ಕಾರು ನಿಲ್ಲಿಸಿದ ಮನೆಮಂದಿ, ಹಿಂದಿನ ಸೀಟಿನಲ್ಲಿ ಅಳುವ ಮಗುವಿಗಾಗಿ, ಕಣ್ಣಿಗೆ ಬಿದ್ದ ಯಾವುದೋ ವಿಚಿತ್ರ ಆನೆಯನ್ನೋ ಬುಗುರಿಯನ್ನೋ ಕೊಳ್ಳುತ್ತಿತ್ತು. ಆ ವಿಚಿತ್ರಗಳನ್ನು ಮಾಡುವ ಉಮೇದು ಈಗ ಕುಗ್ಗಿದೆ. ಹಳೆಯ ರಸ್ತೆಯ ಅಂಗಡಿಗಳಲ್ಲಿ ಇದು ಇನ್ನೂ ಸ್ಪಷ್ಟವಾಯಿತು. ಒಂದು ಅಂಗಡಿಯಲ್ಲಿ ನಾವು ಮುಕ್ಕಾಲು ಗಂಟೆ ಇದ್ದೆವು. ಅಷ್ಟು ಹೊತ್ತಿನಲ್ಲಿ ಒಳಗೆ ಬಂದವರು ಇನ್ನೊಂದೇ ಸಂಸಾರ. ದಶಪಥದಿಂದ ಇಳಿದು ಬರಲು ಎಲ್ಲಿ ತಿರುಗಬೇಕೆಂಬುದನ್ನು ತಿಳಿಸುವ ಒಂದು ದೊಡ್ಡ ಫಲಕ, ವಿಶ್ರಾಂತಿ ತಾಣಗಳಲ್ಲಿ ಕುಶಲಕರ್ಮಿಗಳಿಗೇ ಮೀಸಲಾದ ನಾಲ್ಕು ಮಳಿಗೆ, ಇಷ್ಟಾದರೂ ಸಾಕು ಎಂಬುದು ಅಲ್ಲಿಯ ಬೇಡಿಕೆ. ಇಷ್ಟು ದೊಡ್ಡ ರಸ್ತೆ ಕಟ್ಟಿದವರಿಗೆ ಅದು ಹೊರೆಯಾಗಲಾರದು.

ಅಲ್ಲಿಂದ ವೈನರಿಗೆ. ಅದೂ ಇದೇ ಹಳೆಯ ರಸ್ತೆಯ ನೆರೆ, ಆದರೆ ಅದರ ಲೋಕ ಬೇರೆ. ಇಲ್ಲಿಗೆ ಬರುವವರು ದಾರಿಹೋಕರಲ್ಲ, ಇಲ್ಲಿಗೆಂದೇ ಬರುವವರು. ದ್ರಾಕ್ಷಿಯನ್ನು ಬಳ್ಳಿಯಲ್ಲಿ ನೋಡುವ ಆಸೆಯಿಂದ ಹೋದವರಿಗೆ ಶರತ್ಕಾಲ ತಕ್ಕ ಕಾಲವಲ್ಲ. ಯೂರೋಪಿನಲ್ಲಿ ಸೆಪ್ಟೆಂಬರ್–ಅಕ್ಟೋಬರ್ ಎಂದರೆ ದ್ರಾಕ್ಷಿಯ ಸುಗ್ಗಿ. ನಮ್ಮಲ್ಲಿ ಅದು ಕುಡಿ ಸವರುವ ಕಾಲ. ವಿಜಯಪುರದ ರೈತರು ಇದನ್ನು ಚಾಟ್ನಿ ಎನ್ನುತ್ತಾರೆ. ಏಪ್ರಿಲ್‌ನಲ್ಲಿ ಒಂದು, ಅಕ್ಟೋಬರ್‌ನಲ್ಲಿ ಇನ್ನೊಂದು. ಚಳಿಯಲ್ಲಿ ಎಲೆಯುದುರಿಸಿ ಮಲಗಬೇಕಾದ ಬಳ್ಳಿಗೆ ನಮ್ಮ ಹವೆಯಲ್ಲಿ ಮಲಗುವ ಅವಕಾಶವೇ ಇಲ್ಲವಾದ್ದರಿಂದ ಕತ್ತರಿಯೇ ಅದಕ್ಕೆ ಋತುವನ್ನು ತಿಳಿಸಬೇಕು. ಹಣ್ಣು ಕೊಯ್ಯುವುದು ಜನವರಿಯ ಮೇಲೆ. ಆದ್ದರಿಂದ ನಾವು ಕಂಡದ್ದು ಮೋಟುಗೈಗಳ ಸಾಲು, ಅಲ್ಲಲ್ಲಿ ಹಸಿರು ಚಿಗುರು.

ಒಳಗೆ ಉಕ್ಕಿನ ತೊಟ್ಟಿಗಳು, ತಣ್ಣಗಿನ ಕೋಣೆ, ಓಕ್ ಮರದ ಪೀಪಾಯಿಗಳು. ಕಪ್ಪು ದ್ರಾಕ್ಷಿಯ ರಸವೂ ಬಿಳಿಚಿಕೊಂಡೇ ಇರುತ್ತದೆ, ಸಿಪ್ಪೆಯೊಡನೆ ಹುಳಿಯಲು ಬಿಟ್ಟಾಗಲೇ ಕೆಂಪು ಇಳಿಯುವುದು ಎಂಬುದು ನನ್ನ ಪತ್ನಿಗೆ ಅಂದಿನ ದೊಡ್ಡ ಸುದ್ದಿ. ರುಚಿ ನೋಡಲು ಕೊಟ್ಟಾಗ ತುಟಿಗೆ ತಾಗಿಸಿ, “ದ್ರಾಕ್ಷಾರಿಷ್ಟದ ತಂಗಿ, ಬೆಲ್ಲ ಮಾತ್ರ ಮರೆತಿದ್ದಾರೆ” ಎಂದಳು. ಕ್ರಿಸ್ಮಸ್ಸಿಗೆ ನೆರೆಮನೆಯವರು ಕೇಕಿನೊಡನೆ ಕಳಿಸುವ ಸಿಹಿಯೇ ಅವಳಿಗೆ ಮಾದರಿ. ನಾನು ಮೂರು ಬಗೆ ನೋಡಿದೆ. ಮುಂದೆ ಕಾರು ಓಡಿಸಬೇಕಾದವಳು ಅವಳೆಂದು ಮೊದಲೇ ನಿಶ್ಚಯವಾಗಿತ್ತು.

ಈ ಉದ್ಯಮ ತಾನಾಗಿ ಬೆಳೆದದ್ದಲ್ಲ ಎಂಬುದನ್ನು ನೆನೆಯಬೇಕು. 2007ರಲ್ಲಿ ಕರ್ನಾಟಕ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ರೂಪಿಸಿ, ಅದಕ್ಕೆಂದೇ ಮಂಡಳಿಯನ್ನೂ ರಚಿಸಿತು. ಬೆಳೆಗಾರ, ತಯಾರಕ, ಮಾರಾಟಗಾರ ಮೂವರನ್ನೂ ಒಂದೇ ಕಡತದಲ್ಲಿ ಕಂಡಿತು. ಕೇರಳವೂ 2022ರಲ್ಲಿ ಧಾನ್ಯಗಳನ್ನು ಹೊರತುಪಡಿಸಿ ಹಣ್ಣು ಮೊದಲಾದ ಬೆಳೆಗಳಿಂದ ವೈನ್ ತಯಾರಿಸುವ ಸಣ್ಣ ಘಟಕಗಳಿಗೆ ನಿಯಮ ಮಾಡಿತು. ಕೊಳೆತುಹೋಗುವ ಹಣ್ಣಿಗೊಂದು ಬೆಲೆ ಬರಲಿ ಎಂಬುದು ಅದರ ಹಿಂದಿನ ತರ್ಕ. ಕುಡಿತದಿಂದ ಮನೆಗಳು ಹಾಳಾಗುವುದನ್ನು ವಯನಾಡಿನ ಹಾಡಿಗಳಲ್ಲಿ ಕಂಡ ನನಗೆ ಈ ತರ್ಕ ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಆದರೆ ಒಂದು ಬೆಳೆಯನ್ನು ಉಳಿಸಬೇಕೆಂದು ಸರ್ಕಾರ ಮನಸ್ಸು ಮಾಡಿದರೆ ತೋಟದಿಂದ ಬಟ್ಟಲಿನವರೆಗೆ ಹೇಗೆ ದಾರಿ ಕಡಿಯುತ್ತದೆಂಬುದನ್ನು ಇಲ್ಲಿ ನೋಡಬಹುದು. ಗೊಂಬೆಗೆ ಸಿಕ್ಕದ್ದು ಮಾನ್ಯತೆಯ ಪತ್ರ ಮತ್ತು ಆಗಾಗ ಭಾಷಣಗಳಲ್ಲಿ ಹೆಸರು. ತಿಗರಿಯಿಲ್ಲದ ಮಡಕೆಗೆ ಅದೂ ಸಿಕ್ಕಿಲ್ಲ.

ಸೀಸೆಯನ್ನು ಕೊಳ್ಳಲಿಲ್ಲ. ಮುತ್ತಂಗದಲ್ಲಿ ಅಬಕಾರಿಯವರ ಠಾಣೆಯಿದೆ. ಮದ್ಯಕ್ಕೆ ಗಡಿಯೆಂಬುದು ಬಹಳ ಗಟ್ಟಿ. ಗೊಂಬೆಗೆ ಗಡಿಯಿಲ್ಲ. ಎರಡು ಗಿಲಕಿ, ಒಂದು ಬುಗುರಿ, ಹೊರಳುವ ಕಣ್ಣಿನ ಒಂದು ಆನೆ, ಇಷ್ಟನ್ನು ಹಿಂದಿನ ಸೀಟಿನಲ್ಲಿ ಇಟ್ಟುಕೊಂಡು ರಾತ್ರಿ ಎಂಟಕ್ಕೆ ಮೊದಲೇ ಕಾಡು ದಾಟಿದೆವು.

ನಮ್ಮ ಜಿಲ್ಲೆಯಲ್ಲಿ ಹಾಡಿಯ ಕುಶಲಕಲೆಗೆ ಸ್ಥಳವೇ ಇಲ್ಲವೆಂದು ಹೇಳಲಾಗದು. ಪೂಕೋಡಿನ ‘ಎನ್ ಊರು’ ಪಾರಂಪರಿಕ ಗ್ರಾಮ 2022ರಲ್ಲಿ ತೆರೆದಿದೆ. ತೃಕ್ಕೈಪೆಟ್ಟದಲ್ಲಿ ‘ಉರವು’ ಸಂಸ್ಥೆ 1996ರಿಂದ ಬಿದಿರಿನ ಕೆಲಸ ಕಲಿಸುತ್ತ ಬಂದಿದೆ. ಎರಡೂ ಒಳ್ಳೆಯವು. ಆದರೆ ಪೂಕೋಡು ಇರುವುದು ತಾಮರಶ್ಶೇರಿ ಘಟ್ಟದ ತಲೆಯಲ್ಲಿ, ಜಿಲ್ಲೆಯ ಇನ್ನೊಂದು ತುದಿಗೆ. ಕೋಳಿಕ್ಕೋಡಿನಿಂದ ಬರುವ ಪ್ರವಾಸಿಗೆ ಅದು ಬಾಗಿಲು. ಮೈಸೂರಿನಿಂದ ಬರುವವನ ಬಾಗಿಲು ನೂಲ್ಪುಳ. ದಿನಕ್ಕೆ ಇಷ್ಟು ವಾಹನಗಳು ಮುತ್ತಂಗದಲ್ಲಿ ತಪಾಸಣೆಗೆಂದು ಹೇಗೂ ನಿಲ್ಲುತ್ತವೆ. ಅಲ್ಲಿ ಒಂದು ಸೋಗೆಯ ಚಪ್ಪರ, ನಾಲ್ಕು ಮೊರ, ಹತ್ತು ಮಡಕೆ ಇಟ್ಟುಕೊಂಡು ಕುಳಿತುಕೊಳ್ಳಲು ಮಾಡುವವರಿಗೇ ಜಾಗ ಕೊಡುವುದು ಪಂಚಾಯಿತಿಯ ಕೈಮೀರಿದ ಕೆಲಸವೇ? ಕಾಡಿನ ಕಾನೂನಿಗೆ ತೊಡಕಾಗದಂತೆ ಎಲ್ಲಿ ಕೂರಿಸಬಹುದೆಂದು ಅರಣ್ಯ ಇಲಾಖೆಯೊಡನೆ ಕುಳಿತು ಮಾತಾಡಿದರಾಯಿತು. ಚನ್ನಪಟ್ಟಣ ಕಳೆದುಕೊಳ್ಳುತ್ತಿರುವ ದಾರಿಹೋಕ ನಮ್ಮಲ್ಲಿ ದಿನವೂ ಬಂದು ನಿಂತು, ಏನನ್ನೂ ಕೊಳ್ಳದೆ ಹೋಗುತ್ತಿದ್ದಾನೆ.

ಮೊರ ತಂದುಕೊಡುವ ಹೆಂಗಸು ಮುಂದಿನ ವಾರ ಬಂದಿದ್ದಳು. ನನ್ನ ಪತ್ನಿ ಗಿಲಕಿಯನ್ನು ತೋರಿಸಿದಳು. ಅವಳು ಅದನ್ನು ಆಡಿಸಿ ನೋಡಲಿಲ್ಲ. ಉಗುರಿನಿಂದ ಅಂಚನ್ನು ಮೆಲ್ಲಗೆ ಗೀರಿ, ಬಣ್ಣ ಏಳುವುದಿಲ್ಲವೆಂದು ಖಚಿತಪಡಿಸಿಕೊಂಡು, ಅರಗೋ ಎಂದು ಕೇಳಿದಳು. ಕತ್ತಿಗೆ ಹಿಡಿ ಕೂಡಿಸಲು ಅವರ ಮನೆಯಲ್ಲೂ ಅರಗು ಕಾಯಿಸುತ್ತಾರಂತೆ. ಬೆಲೆಯೆಷ್ಟೆಂದು ಕೇಳಿದಳು. ನೂರಿಪ್ಪತ್ತು ಎಂದಾಗ ಗಿಲಕಿಯನ್ನು ಅಂಗೈಯಲ್ಲಿಟ್ಟು ತೂಗಿದಳು. ಆಮೇಲೆ ತಾನು ತಂದಿದ್ದ ಮೊರಕ್ಕೆ ಎಂದಿನ ಬೆಲೆಗಿಂತ ಇಪ್ಪತ್ತು ರೂಪಾಯಿ ಹೆಚ್ಚು ಹೇಳಿದಳು. ನನ್ನ ಪತ್ನಿ ಚೌಕಾಸಿ ಮಾಡಲಿಲ್ಲ.